ಕಾಂಚನಮ್ಮ ಬುರಿರಾಮಿಗೆ ಹೊರಟಿದ್ದು

ಹಳೇಬೀಡಿನಿಂದ ಬಸ್ತಿಹಳ್ಳಿಯ ಬಸದಿಗಳಿಗೆ ಹೋಗುವ ದಾರಿಯಲ್ಲಿ ನೀಲಿ ಗೇಟಿನ ಒಂದು ಮನೆಯಿದೆ. ಬೋರ್ಡು ಗೀರ್ಡು ಏನೂ ಇಲ್ಲ. ಆದರೂ ಕೊಲ್ಹಾಪುರ, ಸಾಂಗ್ಲಿ, ಇಂದೋರಿನ ಕಡೆಯಿಂದ ಯಾತ್ರೆ ಹೊರಟ ಜೈನರಿಗೆ ಆ ಮನೆ ಗೊತ್ತು. ಶ್ರವಣಬೆಳಗೊಳ ಮುಗಿಸಿಕೊಂಡು ಈ ಕಡೆ ತಿರುಗುವವರು ಹಿಂದಿನ ದಿನವೇ ಫೋನು ಮಾಡಿ, “ಅಮ್ಮಾ, ನಾಳೆ ಇಪ್ಪತ್ತು ಜನ ಇದ್ದೀವಿ” ಅನ್ನುತ್ತಾರೆ. ಮಾರನೆಯ ದಿನ ಅವರು ಬಸ್ಸಿನಿಂದ ಇಳಿಯುವ ಹೊತ್ತಿಗೆ ಹಜಾರದಲ್ಲಿ ಬಾಳೆಯೆಲೆ ಹಾಸಿರುತ್ತದೆ. ಗೆಡ್ಡೆ ಗೆಣಸು ಇಲ್ಲದ, ಈರುಳ್ಳಿ ಬೆಳ್ಳುಳ್ಳಿ ಸೋಕದ ಅಡುಗೆ. ಬಟ್ಟೆಯಲ್ಲಿ ಸೋಸಿ ಕಾಯಿಸಿದ ನೀರು. ಹೊತ್ತು ಮುಳುಗುವುದರೊಳಗೆ ಎಲೆ ಎತ್ತಿಬಿಡಬೇಕೆಂಬ ಗಡಿಬಿಡಿ. ಆ ಗಡಿಬಿಡಿಯ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಇನ್ನೊಂದ್ ಚೂರು ಹಾಕ್ಸ್ಕೊಳಿ” ಎಂದು ಸೌಟು ಹಿಡಿದು ನಿಂತವಳೇ ಕಾಂಚನಮಾಲಾ. ಊರವರ ಬಾಯಲ್ಲಿ ಕಾಂಚನಮ್ಮ.

ಮದುವೆಯಾಗಿ ಈ ಮನೆಗೆ ಬಂದಾಗ ಈ ಕೆಲಸ ಅತ್ತೆಯದಾಗಿತ್ತು. ಅತ್ತೆ ಹೋದ ಮೇಲೆ ಸೌಟು ಇವಳ ಕೈಗೆ ಬಂತು. ಗಂಡ ಸುಮತಿಕುಮಾರ ಬಸ್‌ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ ಇಟ್ಟಿದ್ದ. ಮಗಳು ಮೂಡಬಿದಿರೆಗೆ ಮದುವೆಯಾಗಿ ಹೋಗಿ ಸುಖವಾಗಿದ್ದಳು. ಊಟ ಮುಗಿಸಿ ಕಾಲು ಚಾಚಿ ಕೂತ ಯಾತ್ರಿಕರು ತಾವು ಕಂಡ ಊರುಗಳ ಸುದ್ದಿ ಹೇಳುತ್ತಿದ್ದರು. ಶಿಖರ್ಜಿಯ ಬೆಟ್ಟ ಹತ್ತುವಾಗ ಡೋಲಿಯವರು ಏನು ಹಾಡುತ್ತಾರೆ, ಗಿರಿನಾರಿನಲ್ಲಿ ಯಾವ ತಿರುವಿನಲ್ಲಿ ಉಸಿರು ಕಟ್ಟುತ್ತದೆ, ಎಲ್ಲವೂ ಕಾಂಚನಮ್ಮನಿಗೆ ಕಂಠಪಾಠವಾಗಿತ್ತು. ಅವಳು ಮಾತ್ರ ಧರ್ಮಸ್ಥಳ, ಹುಂಚ, ಮಗಳ ಮನೆ ಬಿಟ್ಟು ಆಚೆ ಹೋದವಳಲ್ಲ. ಯಾರೂ ಬೇಡ ಅಂದಿರಲಿಲ್ಲ. ಹೊರಡೋಣ ಅಂದುಕೊಂಡ ಹೊತ್ತಿಗೆ ಸರಿಯಾಗಿ ಯಾರಾದರೂ ಊಟಕ್ಕೆ ಬಂದುಬಿಡುತ್ತಿದ್ದರು, ಅಷ್ಟೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಗೈಡು ಒಬ್ಬ ಹೆಂಗಸನ್ನು ಹೆಗಲಿಗೆ ಆನಿಸಿಕೊಂಡು ಗೇಟು ತೆರೆದ. ಥಾಯ್ಲೆಂಡಿನಿಂದ ಬಂದ ನಿವೃತ್ತ ಮೇಷ್ಟ್ರುಗಳ ಗುಂಪಂತೆ. ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬದಲ್ಲಿ ತನ್ನ ಮುಖ ನೋಡಿಕೊಳ್ಳುತ್ತ ಹಿಂದೆ ಸರಿದವಳು ಮೆಟ್ಟಿಲು ತಪ್ಪಿ ಕಾಲು ಉಳುಕಿಸಿಕೊಂಡಿದ್ದಳು. ಉಳಿದವರು ಬೇಲೂರು ನೋಡಿಕೊಂಡು ಬರುವ ತನಕ ಇಲ್ಲಿ ಕೂರಿಸಿಕೊಳ್ಳಿ ಎಂದು ಹೇಳಿ ಗೈಡು ಹೊರಟುಹೋದ.

ಕಾಂಚನಮ್ಮ ಅರಿಶಿನ ಉಪ್ಪು ಬಿಸಿ ಮಾಡಿ ಪಟ್ಟು ಹಾಕಿದಳು. ಬೆಲ್ಲದ ಪಾನಕ ಕೊಟ್ಟಳು. ಆ ಹೆಂಗಸು ಮೊಬೈಲು ತೆಗೆದು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಮೊಬೈಲು ಅದನ್ನು ಕನ್ನಡ ಮಾಡಿ ಒಪ್ಪಿಸಿತು. ಕಾಂಚನಮ್ಮ “ಕಾಲು ಉಳುಕಿದ್ದು, ಮುರ್ದಿಲ್ಲ, ಹೆದರ್ಕೋಬೇಡಿ” ಅಂದಳು. ಅದು ಥಾಯ್ ಭಾಷೆಯಲ್ಲಿ ಏನಾಯಿತೋ ಯಾರಿಗೂ ಗೊತ್ತಿಲ್ಲ, ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕಿದ್ದು ನೋಡಿ ಇವಳಿಗೂ ನಗು ಬಂತು.

ಹೆಸರು ಕೇಳಿದರೆ “ಪ್ರಾಣೀ” ಅಂದಳು.

ಆಗಷ್ಟೇ ಅಂಗಡಿಯಿಂದ ಊಟಕ್ಕೆ ಬಂದಿದ್ದ ಗಂಡನ ಕಡೆ ಕಾಂಚನಮ್ಮ ತಿರುಗಿ ನೋಡಿದಳು. “ಏನ್ರೀ ಇದು, ಹೆಸ್ರು ಪ್ರಾಣಿ ಅಂತಾರೆ?”

“ನಾವೆಲ್ಲ ಇನ್ನೇನೇ? ಹಾಗೇ ಕರಿ,” ಅಂದ ಸುಮತಿಕುಮಾರ.

ತಮ್ಮ ಕಡೆ ಹಾಗೆಂದರೆ ದಯೆ ಇರುವವಳು ಎಂದು ಅರ್ಥ ಅಂತ ಮೊಬೈಲು ಹೇಳಿತು. ಜೈನರ ಮನೆಯಲ್ಲಿ ಪ್ರಾಣಿ, ದಯೆ ಎರಡೂ ಒಟ್ಟಿಗೇ ಓಡಾಡುವ ಮಾತುಗಳಾದ್ದರಿಂದ ಆ ಹೆಸರು ಅಲ್ಲಿಗೆ ಸಲೀಸಾಗಿ ಹೊಂದಿಕೊಂಡಿತು. ಇವಳ ಹೆಸರು ಕೇಳಿದ ಪ್ರಾಣೀ ತನ್ನ ಉಂಗುರ ಮುಟ್ಟಿ ತೋರಿಸಿ, ಕಾಂಚನ ಅಂದರೆ ನಮ್ಮಲ್ಲೂ ಚಿನ್ನವೇ ಅಂದಳು. ಊರು ಬುರಿರಾಮ್. ಬ್ಯಾಂಕಾಕಿನಿಂದ ಅರ್ಧ ದಿನದ ದಾರಿ, ಭತ್ತದ ಸೀಮೆ. ಅಲ್ಲೂ ಒಂದು ಬೆಟ್ಟದ ಮೇಲೆ ಹಳೆಯ ಕಲ್ಲಿನ ಶಿವನ ಗುಡಿಯಿದೆ, ಬಾಗಿಲ ಮೇಲೆ ಮಲಗಿದ ವಿಷ್ಣುವಿದ್ದಾನೆ. ಅದನ್ನು ಮಕ್ಕಳಿಗೆ ತೋರಿಸಿ ತೋರಿಸಿ, ಇಂಥ ಗುಡಿ ಕಟ್ಟಿದ ದೇಶವನ್ನೇ ಒಮ್ಮೆ ನೋಡಬೇಕು ಅನ್ನಿಸಿ ಬಂದದ್ದು ಎಂದಳು. “ಪುರಿ, ರಮ್ಯ. ಬುರಿರಾಮ್,” ಎಂದು ಸುಮತಿಕುಮಾರ ಅನ್ನ ಕಲಸುತ್ತ ಒಡೆದು ನೋಡಿದ. “ಹೆಸ್ರಂತೂ ಚೆನ್ನಾಗಿದೆ.”

ಸಂಜೆ ಗುಂಪಿನವರು ಬಂದು ಪ್ರಾಣೀಯನ್ನು ಕರೆದುಕೊಂಡು ಹೋದರು. ಹೋಗುವಾಗ ಇಬ್ಬರೂ ನಂಬರು ಬದಲಾಯಿಸಿಕೊಂಡರು.

ಆಮೇಲೆ ಭಾನುವಾರ ಬಂತೆಂದರೆ ವಿಡಿಯೋ ಕಾಲು. ಇವಳು ಗೊಜ್ಜು ಕುದಿಯುವುದನ್ನು ತೋರಿಸುವಳು, ಅವಳು ಗದ್ದೆ ತೋರಿಸುವಳು. ಮೊಬೈಲು ನಡುವೆ ಕೂತು ಅದನ್ನಿದು ಇದನ್ನದು ಮಾಡುತ್ತಿತ್ತು. ಮಾತು ಮುಗಿಸುವಾಗ ಕಾಂಚನಮ್ಮ, ನಮ್ಮಲ್ಲಿ ಎಲ್ಲರೂ ಅನ್ನುವ ಹಾಗೆ, “ಸರಿ, ಬರ್ತೀನಿ ಹಾಗಾದ್ರೆ” ಅನ್ನುವಳು. ಪ್ರಾಣೀಯ ಮುಖ ಅರಳಿಬಿಡುತ್ತಿತ್ತು. ಪಾಪ, ಎಷ್ಟು ವಿಶ್ವಾಸ ಎಂದುಕೊಂಡು ಇವಳು ಫೋನಿಡುತ್ತಿದ್ದಳು.

ಹೋದ ವರ್ಷ ಶ್ರಾವಣದಲ್ಲಿ ಒಂದು ಭಾನುವಾರ ಪ್ರಾಣೀ ಫೋನು ಹಿಡಿದುಕೊಂಡೇ ಮನೆಯ ಹಿತ್ತಲಿಗೆ ನಡೆದಳು. ಅಲ್ಲೊಂದು ಹೊಸ ಕೋಣೆ. ಹೊಸ ಸೊಳ್ಳೆಪರದೆ, ಹೊಸ ಚಾಪೆ. ಅದರ ಪಕ್ಕದಲ್ಲಿ ಮಡಿ ಕಟ್ಟಿ ಬೆಳೆಸಿದ ತರಕಾರಿ. ಬೆಂಡೆ, ಹೀರೆ, ಸೋರೆ, ಮಾರುದ್ದದ ಅಲಸಂದೆ. ಮೊಬೈಲಿನೊಳಗಿನ ಹೆಣ್ಣುದನಿ ಅದೇ ಏರಿಳಿತವಿಲ್ಲದ ಕನ್ನಡದಲ್ಲಿ ಹೇಳಿತು: “ಇದರಲ್ಲಿ ಗೆಡ್ಡೆಗಳು ಇಲ್ಲ. ನೀವು ಪ್ರತಿ ವಾರ ಬರುತ್ತೇನೆ ಎಂದು ಹೇಳುತ್ತೀರಿ. ಯಾವಾಗ ಬರುತ್ತೀರಿ ಎಂದು ಹೇಳುವುದಿಲ್ಲ. ಬೆಂಡೆಕಾಯಿ ಬಲಿಯುತ್ತಿದೆ.”

ಕಾಂಚನಮ್ಮನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಕೈ ಬಾಯಿಗೆ ಹೋಯಿತು. “ಅಯ್ಯೋ, ನಾವು ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ,” ಎಂದು ವಿವರಿಸಲು ನೋಡಿದಳು. ಮೊಬೈಲು ಅದನ್ನೂ ಥಾಯ್ ಮಾಡಿತು. ಪ್ರಾಣೀ ಹುಬ್ಬು ಗಂಟಿಕ್ಕಿ ಯೋಚಿಸಿ ಕೇಳಿದಳು: “ನೀವು ಎಲ್ಲಿಗೆ ಹೋಗುತ್ತೀರಿ?”

ವಿಷಯ ಕೇಳಿ ಸುಮತಿಕುಮಾರ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಾಂಚನಮ್ಮ ನಗಲಿಲ್ಲ.

“ಏನ್ರೀ, ಹೋಗ್ಬಂದ್ಬಿಡ್ಲಾ?”

“ಎಲ್ಲಿಗೇ?”

“ಬುರಿರಾಮಿಗೆ.”

“ತಲೆ ನೆಟ್ಟಗಿದೆಯಾ? ಅಷ್ಟು ದೂರ ಯಾಕೆ ಬೇಕು ನಿಂಗೆ? ಊಟಕ್ಕೇನ್ ಮಾಡ್ತೀಯ? ಅವ್ರು ನೀರಿಗೂ ಮೀನಿನ ರಸ ಹಾಕೋ ಜನ.”

“ಈ ಮನೆಗೆ ಬಂದೋರಿಗೆಲ್ಲ ಬಡ್ಸಿದ್ದೀನಿ,” ಅಂದಳು ಕಾಂಚನಮ್ಮ. “ನಾನು ಬರ್ತೀನಿ ಅಂತ ಯಾರೂ ಸಾಲು ಹಾಕಿ ಬೆಂಡೆಕಾಯಿ ಬಿತ್ತಿರ್ಲಿಲ್ಲ ಕಣ್ರೀ.”

ಸುಮತಿಕುಮಾರ ಟವೆಲು ಕೊಡವಿಕೊಂಡು ಅಂಗಡಿಗೆ ಹೋದ. ಆ ವಾರವಿಡೀ ಮನೆಯಲ್ಲಿ ಉಪ್ಪು ಸಾಕಾ, ಮಜ್ಜಿಗೆ ಬೇಕಾ ಎಂಬಷ್ಟೇ ಮಾತು. ಅವನಿಗೆ ಸಿಟ್ಟಿರಲಿಲ್ಲ. ವಿಮಾನವೆಂದರೆ ಅವನಿಗೆ ಹೆದರಿಕೆ. ತಾನು ಜೊತೆಗೆ ಹೋಗಲಾರೆ ಎಂಬುದು ಅವನಿಗೇ ಗೊತ್ತಿತ್ತು. ಹೆಂಡತಿಯೊಬ್ಬಳೇ ಹೋಗುವುದನ್ನು ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ.

ಕಾಂಚನಮ್ಮ ಭರತೇಶನಿಗೆ ಫೋನು ಮಾಡಿದಳು. ಭರತೇಶ್ ಸುಮತಿಕುಮಾರನ ಅಕ್ಕನ ಮಗ. ಅರಸೀಕೆರೆಯಲ್ಲಿ ಸಿಮೆಂಟು, ಪೇಂಟಿನ ವ್ಯಾಪಾರ. ಯಾವುದೋ ಕಂಪನಿಯವರು ಡೀಲರುಗಳನ್ನೆಲ್ಲ ಐದು ದಿನ ಬ್ಯಾಂಕಾಕಿಗೆ ಕರೆದುಕೊಂಡು ಹೋಗಿದ್ದಾಗ ಅವನೂ ಹೋಗಿದ್ದ. ಹಾಗಾಗಿ ಕುಟುಂಬದಲ್ಲಿ ಥಾಯ್ಲೆಂಡಿನ ವಿಷಯಕ್ಕೆ ಅವನೇ ದೊಡ್ಡವನು.

“ಬಾರೋ ಮನೆಗೆ. ಅಲ್ಲಿ ಏನೇನ್ ನೋಡ್ದೆ, ಸರಿಯಾಗಿ ಹೇಳು ನಂಗೆ,” ಅಂದಳು.

ಬಂದು ಕೂತ ಭರತೇಶ್ ಮುಂದಿಟ್ಟ ಚಕ್ಕುಲಿಯನ್ನೇ ನೋಡುತ್ತ, “ದೇವಸ್ಥಾನ, ಅತ್ತೆ,” ಅಂದ.

“ಆಮೇಲೆ?”

“ಆಮೇಲೂ ದೇವಸ್ಥಾನಾನೇ.”

“ಐದು ದಿನಾನೂ?”

“ಬಹಳ ಇವೆ, ಅತ್ತೆ,” ಎಂದು ಅವನು ನೀರು ಕುಡಿದ. ಮೂಲೆಯಲ್ಲಿ ಪೇಪರು ಹಿಡಿದಿದ್ದ ಸುಮತಿಕುಮಾರನ ಹೆಗಲು ಕುಲುಕಿದ್ದು ಕಾಂಚನಮ್ಮನ ಕಣ್ಣಿಗೆ ಬಿತ್ತು. ಆ ವಾರದಲ್ಲಿ ಅವನು ಮೊದಲ ಸಲ ನಕ್ಕದ್ದು ಅದು. ಯಾಕೆಂದು ಅವಳು ಕೇಳಲಿಲ್ಲ.

ಭರತೇಶನಿಗೆ ಬುರಿರಾಮ್ ಗೊತ್ತಿರಲಿಲ್ಲ. ಆದರೂ ಅತ್ತೆ ಕೇಳಿದ್ದಾರೆಂದು ಹಾಸನದಲ್ಲಿ ಪ್ರವಾಸದ ಏಜೆಂಟನೊಬ್ಬನ ಹತ್ತಿರ ಕರೆದುಕೊಂಡು ಹೋದ. ಗೋಡೆಯ ಮೇಲೆಲ್ಲ ನೀಲಿ ಸಮುದ್ರ, ಹುಲಿ ಅಪ್ಪಿಕೊಂಡವರ ಫೋಟೋ. ಏಜೆಂಟ್ ಬಹಳ ಮರ್ಯಾದೆಯಿಂದ ಹೇಳಿದ. “ಮೇಡಂ, ಬುರಿರಾಮ್ ಅಂತ ನಮ್ಮ ಪ್ಯಾಕೇಜಲ್ಲಿ ಬರಲ್ಲ. ಅಲ್ಲಿ ಏನೂ ಇಲ್ಲ. ನೀವು ಪಟ್ಟಾಯಗೆ ಹೋಗಿ, ದೋಣೀಲಿ ಕೂರಿಸ್ತೀವಿ, ಹುಲಿ ಜೊತೆ ಫೋಟೋ ತೆಗೆಸ್ತೀವಿ.”

“ಹುಲಿ ಹತ್ರ ನಂಗೇನ್ ಕೆಲ್ಸ?” ಅಂದಳು ಕಾಂಚನಮ್ಮ. “ಬುರಿರಾಮಲ್ಲಿ ನನ್ನ ಸ್ನೇಹಿತೆ ಇದ್ದಾಳೆ.”

“ಸ್ನೇಹಿತೇನ ಬ್ಯಾಂಕಾಕಿಗೇ ಕರೆಸ್ಕೊಳಿ ಮೇಡಂ.”

“ಬೆಂಡೆಕಾಯಿ ಮಡೀನೂ ಕರೆಸ್ಕೊಳ್ಳೋಕಾಗುತ್ತೇನಪ್ಪಾ?” ಎಂದು ಹೇಳಿ ಅವಳು ಎದ್ದಳು. ಏಜೆಂಟು ಭರತೇಶನ ಮುಖ ನೋಡಿದ. ಭರತೇಶ್ ಸಮುದ್ರದ ಫೋಟೋ ನೋಡಿದ.

ಹೊರಗೆ ಬಂದ ಮೇಲೆ ಅವನೇ ಅಂದ. “ಅತ್ತೆ, ಏಜೆಂಟ್ ಬೇಡ. ನಾವೇ ಮಾಡೋಣ.” ಅಲ್ಲಿಂದ ಅವನಿಗೂ ಹುರುಪು ಹತ್ತಿತು. ಅಂಗಡಿಯಲ್ಲಿ ಗಿರಾಕಿ ಕಡಿಮೆಯಿದ್ದಾಗಲೆಲ್ಲ ಮೊಬೈಲಿನಲ್ಲಿ ಬುರಿರಾಮ್ ಹುಡುಕುವನು. ಅಲ್ಲಿ ಈಗ ತಣ್ಣಗಾಗಿರುವ ಅಗ್ನಿಪರ್ವತಗಳಿವೆಯಂತೆ, ಶಿವನ ಗುಡಿ ಅಂಥ ಒಂದು ಬೆಟ್ಟದ ಮೇಲೇ ಇದೆಯಂತೆ. ಬ್ಯಾಂಕಾಕಿನಿಂದ ನೇರ ರೈಲಿದೆಯಂತೆ. ಅಂಗಡಿಗಳ ಮುಂದೆ ಹಳದಿ ಬಾವುಟದಲ್ಲಿ ‘ಜೇ’ ಎಂದು ಬರೆದಿದ್ದರೆ ಅಲ್ಲಿ ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕುವುದಿಲ್ಲವಂತೆ. ಈ ಕೊನೆಯ ಸುದ್ದಿ ಕೇಳಿದಾಗ ಕಾಂಚನಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. “ಜೇ ಅಂದ್ರೆ ಜೈ ಜಿನೇಂದ್ರದ ಜೈನೇ ಇರ್ಬೇಕು ಕಣೋ,” ಅಂದಳು. ಅಲ್ಲವೆಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

ಯಾವಾಗ ಹೋಗುವುದು ಎಂಬುದೇ ದೊಡ್ಡ ಚರ್ಚೆಯಾಯಿತು. ಏಪ್ರಿಲ್ ಮೊದಲಲ್ಲಿ ಬನ್ನಿ, ಆಗ ಬೆಳಗಿನ ಸೂರ್ಯ ಆ ಗುಡಿಯ ಸಾಲು ಬಾಗಿಲುಗಳನ್ನೆಲ್ಲ ನೆಟ್ಟಗೆ ಹಾದು ಬರುತ್ತಾನೆ ಎಂದಳು ಪ್ರಾಣೀ. ಮಹಾವೀರ ಜಯಂತಿ ಆ ಆಸುಪಾಸಿನಲ್ಲೇ ಬರುತ್ತದೆ, ಆಗ ಮನೆ ಬಿಡುವ ಹಾಗಿಲ್ಲ ಎಂದಳು ಇವಳು. ಸೆಪ್ಟೆಂಬರಿನಲ್ಲೂ ಹಾಗೆ ಬರುತ್ತಾನೆ ಎಂದಳು ಅವಳು. ಆಗ ನಮ್ಮ ಹತ್ತು ದಿನದ ದಶಲಕ್ಷಣ ಪರ್ವ ಎಂದಳು ಇವಳು. ಕೊನೆಗೆ ಪ್ರಾಣೀ, ಸೂರ್ಯ ದಿನಾ ಬರುತ್ತಾನೆ, ನೀವು ಬಿಡುವಾದಾಗ ಬನ್ನಿ, ಬೆಂಡೆ ಮತ್ತೆ ಬಿತ್ತುತ್ತೇನೆ ಎಂದಳು. ಜನವರಿ ಎಂದಾಯಿತು. ಅಲ್ಲಿ ಆಗ ಕೊಯ್ಲು ಮುಗಿದು ಹವೆ ತಂಪಾಗಿರುತ್ತದೆ.

ಪಾಸ್‌ಪೋರ್ಟಿಗೆ ಹಾಸನಕ್ಕೆ ಹೋಗಿ ಬೆರಳೊತ್ತಿ ಬಂದಳು. ಫೋಟೋಕ್ಕೆ ನಗಬಾರದು ಎಂದಾಗಲೇ ನಗು ತಡೆಯಲಾಗಲಿಲ್ಲ. ಕೆಲವು ದಿನ ಕಳೆದ ಮೇಲೆ ವಿಚಾರಣೆಗೆಂದು ಪೊಲೀಸರೊಬ್ಬರು ಮನೆಗೆ ಬಂದರು. ಕಾಫಿ ಕುಡಿಯುತ್ತ, “ಯಾಕಮ್ಮ ಹೋಗ್ತಿರೋದು?” ಎಂದು ಕೇಳಿದರು.

“ಅಲ್ಲಿ ನನಗೋಸ್ಕರ ಬೆಂಡೆಕಾಯಿ ಹಾಕಿದ್ದಾರೆ, ಸಾರ್.”

ಪೊಲೀಸರು ಲೋಟ ಕೆಳಗಿಟ್ಟು, “ಪ್ರವಾಸ ಅಂತ ಬರ್ಕೊತೀನಿ,” ಅಂದರು.

ಜೊತೆಗೆ ಯಾರು ಎಂಬ ಪ್ರಶ್ನೆ ಬಗೆಹರಿದದ್ದು ಲಲಿತಮ್ಮನಿಂದ. ಲಲಿತಮ್ಮ ಅರಸೀಕೆರೆ ಕಡೆಯ ಕಣಕಟ್ಟೆಯವಳು. ಮನೆಯ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ, ತಿಂಗಳಿಗೊಮ್ಮೆ ಎಣ್ಣೆಯ ಕ್ಯಾನು ಹೊತ್ತುಕೊಂಡು ಬಸ್ಸಿನಲ್ಲಿ ಹಳೇಬೀಡಿಗೆ ಬರುವವಳು. ಬಂದರೆ ಕಾಂಚನಮ್ಮನ ಅಡುಗೆಮನೆಯಲ್ಲೇ ಊಟ. ವಿಷಯ ಕಿವಿಗೆ ಬಿದ್ದದ್ದೇ ತಡ, ಎಣ್ಣೆ ಅಳೆಯುವುದನ್ನು ನಿಲ್ಲಿಸಿದಳು.

“ಅಕ್ಕ, ನಾನೂ ಬತ್ತೀನಿ.”

“ನೀನಾ? ನಿಜವಾಗ್ಲೂ ಬರ್ತೀನಿ ಅಂತಿದ್ದೀಯೋ, ಹೋಗ್ತೀನಿ ಅಂತ ಹೇಳ್ತಿದ್ದೀಯೋ?”

“ಬತ್ತೀನಿ ಅಂದ್ರೆ ಬತ್ತೀನಿ. ನನ್ನ ಎಣ್ಣೆ ದುಡ್ಡು ಐತೆ. ತೋಟ ಯಾವತ್ತೂ ಇದ್ದದ್ದೇ. ಆಕಾಶದ ಮ್ಯಾಲಿಂದ ತೆಂಗಿನ ಮರ ಎಂಗ್ ಕಾಣ್ತದೋ ನೋಡ್ಬೇಕು.”

“ಊಟದ್ದು?”

“ನಾನು ಎಲ್ಲಾ ತಿನ್ನೋಳು, ನಿಮಗ್ ಗೊತ್ತು. ಆದ್ರೆ ನಿಮ್ ಜತೆ ಇರೋಗಂಟ ಬಿಟ್ಟೆ, ಬಿಡಿ.”

ಗಂಡ ಬೋರಯ್ಯನನ್ನು ಕೇಳಿದಾಗ ಅವನು ಬೀಡಿ ಆರಿಸಿ, “ಓಗ್ಬಾ, ಒಳ್ಳೆ ಕಾಯಿ ಸಿಕ್ರೆ ಸಸಿ ತಗಂಬಾ,” ಎಂದಷ್ಟೇ ಹೇಳಿದನಂತೆ. ಭರತೇಶ್ ಅವಳಿಗೂ ಪಾಸ್‌ಪೋರ್ಟು ಮಾಡಿಸಿಕೊಟ್ಟ. ಸಸಿ ತರುವ ಹಾಗಿಲ್ಲ ಎಂದು ಅವನೇ ತಿಳಿಸಿ ಹೇಳಬೇಕಾಯಿತು. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಬಿತ್ತು. ಪ್ರಾಣೀಗೆ ಕೊಡಲೆಂದು ಲಲಿತಮ್ಮ ಅಟ್ಟದಿಂದ ಒಳ್ಳೊಳ್ಳೆಯ ಉಂಡೆ ಕೊಬ್ಬರಿ ಆರಿಸಿ ತಂದಿದ್ದಳು. ವಿಮಾನದಲ್ಲಿ ಕೊಬ್ಬರಿ ಒಯ್ಯಲು ಬಿಡುವುದಿಲ್ಲ, ಅದರ ಎಣ್ಣೆಗೆ ಬೆಂಕಿ ಹತ್ತಬಹುದು ಎಂದು ಭರತೇಶ್ ಓದಿ ಹೇಳಿದ.

ಲಲಿತಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಕೊಬ್ಬರಿ ಏನ್ ಬಾಂಬಾ? ವರ್ಷಗಟ್ಲೆ ನಮ್ಮ ಅಟ್ಟದ ಮ್ಯಾಲೆ ಒಣಗ್ತದೆ. ಕೆಳಗಡೆ ಒಲೆ ಉರೀತಾ ಇರ್ತದೆ. ಒಂದಿನ ಹತ್ಕಂಡಿಲ್ಲ! ಈ ಇಮಾನದೋರಿಗೆ ಕೊಬ್ಬರಿ ಅಂದ್ರೆ ಏನು ಅಂತ ಗೊತ್ತಾ?”

“ರೂಲ್ಸು ಲಲಿತಮ್ಮ, ನಾನ್ ಮಾಡಿದ್ದಲ್ಲ,” ಎಂದು ಭರತೇಶ್ ಕೈಮುಗಿದ. ಕೊನೆಗೆ ಕಾಂಚನಮ್ಮ ಆ ಕೊಬ್ಬರಿಯನ್ನೆಲ್ಲ ತುರಿದು ಸಕ್ಕರೆ ಪಾಕಕ್ಕೆ ಹಾಕಿ ಮಿಠಾಯಿ ಮಾಡಿದಳು. “ಈಗ ಇದು ಕೊಬ್ಬರಿ ಅಲ್ಲ, ತಿಂಡಿ,” ಅಂದಳು. ಭರತೇಶ್ ಅದನ್ನೂ ಹುಡುಕಿ ನೋಡಿ ಆಗಬಹುದೆಂದು ತಲೆಯಾಡಿಸಿದ ಮೇಲೆ ಲಲಿತಮ್ಮನಿಗೆ ಸಮಾಧಾನವಾಯಿತು.

ಇಷ್ಟೆಲ್ಲ ನಡೆಯುತ್ತಿದ್ದರೂ ಸುಮತಿಕುಮಾರ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಅಂಗಡಿಯಲ್ಲಿ ಹಾಲಿನ ಡೈರಿಯ ಹೊನ್ನಯ್ಯ ದಿನಾ ಛೇಡಿಸುವನು: “ಏನ್ ಸುಮತಣ್ಣ, ಎಲ್ಲಾ ಕಡೆ ಗಂಡಸ್ರು ಥಾಯ್ಲೆಂಡಿಗೆ ಓಯ್ತಾರೆ, ನಿಮ್ಮನೇಲಿ ಉಲ್ಟಾ ಐತಲ್ಲ?” ಸುಮತಿಕುಮಾರ ಮುಖ ಎತ್ತದೆ ಬೇಳೆ ತೂಗುವನು.

ಡಿಸೆಂಬರಿನಲ್ಲಿ ಒಂದು ಸಂಜೆ ಸಾಂಗ್ಲಿಯ ಯಾತ್ರಾ ಸಂಘದ ಹಿರಿಯರು ಫೋನು ಮಾಡಿದರು. ಪ್ರತಿ ಜನವರಿಯಲ್ಲೂ ಅವರ ಬಸ್ಸು ಬರುತ್ತಿತ್ತು. ಈ ಸಲ ಅವರು ಹೇಳಿದ ದಿನ ಕಾಂಚನಮ್ಮ ಬುರಿರಾಮಿನಲ್ಲಿರಬೇಕಾದ ದಿನ. ಟಿಕೆಟ್ಟಾಗಿತ್ತು. ಕಣ್ಣು ಮುಚ್ಚಿ ಹೇಳಿಬಿಟ್ಟಳು: “ನಾನು ಊರಲ್ಲಿರಲ್ಲ, ಭಯ್ಯಾಜಿ.”

ಅಂಥ ಮಾತು ಅವಳ ಬಾಯಿಂದ ಎಂದೂ ಬಂದದ್ದಲ್ಲ. ಆ ಕಡೆಯವರು ಎರಡೆರಡು ಸಲ “ಏನಂದ್ರಿ?” ಎಂದು ಕೇಳಿದರು. ಅದನ್ನು ಕೇಳಿ ಅವಳಿಗೆ ಅಳು ಬರುವಂತಾಯಿತು. ಹಾಗೆಯೇ ಒಳಗೊಳಗೆ ಸಣ್ಣ ಖುಷಿಯೂ ಆಯಿತು. ಅಷ್ಟರಲ್ಲಿ ಸುಮತಿಕುಮಾರ ಬಂದು ಫೋನು ಕಿತ್ತುಕೊಂಡ.

“ನಮಸ್ಕಾರ ಭಯ್ಯಾಜಿ. ಅವ್ಳು ಇರಲ್ಲ, ಪರದೇಶಕ್ಕೆ ಹೋಗ್ತಾಳೆ. ನಾನಿರ್ತೀನಿ. ಬನ್ನಿ, ಊಟ ಆಗುತ್ತೆ.”

ಫೋನಿಟ್ಟ ಮೇಲೆ ತಾನು ಏನು ಹೇಳಿದೆನೆಂದು ಅವನಿಗೆ ಅರ್ಥವಾಯಿತು. ಅವನಿಗೆ ಬರುತ್ತಿದ್ದ ಅಡುಗೆಯೆಂದರೆ ಕಾಫಿ.

“ಏನ್ರೀ, ಬಸ್ಸಿನ ತುಂಬ ಜನ!” ಅಂದಳು ಕಾಂಚನಮ್ಮ.

“ನಮ್ಮನೆಯಿಂದ ಯಾರೂ ಹಸ್ಕೊಂಡ್ ಹೋಗಿಲ್ಲ. ನಾಳೆಯಿಂದ ಹೇಳ್ಕೊಡು,” ಅಂದ.

ಹಾಗೆ ಡಿಸೆಂಬರು ಮುಗಿಯುವ ತನಕ ಆ ಮನೆಯಲ್ಲಿ ಅಡುಗೆಯ ಪಾಠ ನಡೆಯಿತು. ಮೊದಲ ದಿನದ ಸಾರು ಬರೀ ಹುಣಿಸೆಹಣ್ಣು. ಎರಡನೆಯ ದಿನದ್ದು ಬರೀ ಬೇಳೆ. ಸಾರಿನ ಪುಡಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ ಹಾಕುವ ಉಪಾಯ ಅವನಿಗೆ ಹೊಳೆಯಿತು. ಅಲ್ಲಿಂದ ರುಚಿ ಹದಕ್ಕೆ ಬಂತು. ಕೊನೆಯ ಭಾನುವಾರ ಎಲೆ ಹಾಕಿ ಅವಳನ್ನೂ ಲಲಿತಮ್ಮನನ್ನೂ ಕೂರಿಸಿ ತಾನೇ ಬಡಿಸಿದ. ಬಡಿಸುತ್ತ, ಬಾಗಿದ ಸೊಂಟ ಹಿಡಿದುಕೊಂಡು, “ಇದನ್ನ ದಿನಾ ಹೇಗೆ ಮಾಡ್ತೀಯೇ?” ಎಂದು ಕೇಳಿದ. ಕಾಂಚನಮ್ಮನ ಬಾಯಲ್ಲಿ ಅನ್ನವಿತ್ತು; ಕೈಯಾಡಿಸಿದಳು. “ಅಣ್ಣ, ಪಲ್ಯಕ್ಕೆ ಉಪ್ಪು ಮರೆತಿದೀರಿ,” ಅಂದಳು ಲಲಿತಮ್ಮ.

ಜನವರಿಯಲ್ಲಿ ಭರತೇಶ್ ಇಬ್ಬರನ್ನೂ ಕಾರಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ಆಕಾಶದಿಂದ ತೆಂಗಿನ ಮರ ಕಾಣಲಿಲ್ಲ, ಹೊರಗೆಲ್ಲ ಕತ್ತಲೆ. ಲಲಿತಮ್ಮ ಅದಕ್ಕೂ ವಿಮಾನದವರನ್ನೇ ಬೈದು ನಿದ್ದೆಹೋದಳು. ಬ್ಯಾಂಕಾಕಿನಲ್ಲಿ ಪ್ರಾಣೀಯ ತಮ್ಮನ ಮಗಳು ಬಂದು ಕರೆದುಕೊಂಡು ಹೋಗಿ, ಒಂದು ದಿನ ಮನೆಯಲ್ಲಿಟ್ಟುಕೊಂಡು, ಮಾರನೆಯ ಬೆಳಿಗ್ಗೆ ರೈಲು ಹತ್ತಿಸಿದಳು.

ದಾರಿಯಲ್ಲಿ ಊಟಕ್ಕೆ ಪ್ರಾಣೀ ಒಂದು ಉಪಾಯ ಮಾಡಿದ್ದಳು. ಈ ನನ್ನ ಗೆಳತಿ ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ ಎಂದು ತನ್ನ ದನಿಯಲ್ಲೇ ಹೇಳಿ ಕಳಿಸಿದ್ದಳು. ಕಾಂಚನಮ್ಮ ಮೊಬೈಲನ್ನು ಅಂಗಡಿಯವರ ಮುಂದೆ ಹಿಡಿಯುವುದು, ಪ್ರಾಣೀ ಅದರೊಳಗಿಂದ ಮೇಷ್ಟರ ಗತ್ತಿನಲ್ಲಿ ಪಾಠ ಒಪ್ಪಿಸುವುದು. ನಡುವೆ ಬಂದ ಒಂದು ಸ್ಟೇಷನ್ನಿನಲ್ಲಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಅದನ್ನು ಪೂರ್ತಿ ಕೇಳಿಸಿಕೊಂಡು, ಮೊಬೈಲಿಗೇ ಕೈಮುಗಿದು, ಅದಕ್ಕೇ ಉತ್ತರ ಕೊಟ್ಟು, ಬುಟ್ಟಿಯ ತಳದಿಂದ ಬಾಳೆಹಣ್ಣಿನ ಚಿಪ್ಪು ತೆಗೆದು ಕೊಟ್ಟಳು. ಅದೇ ಬುಟ್ಟಿಯ ಮೇಲ್ಗಡೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ ಘಮಘಮ ಅನ್ನುತ್ತಿತ್ತು. ಲಲಿತಮ್ಮ ಕತ್ತು ಉದ್ದ ಮಾಡಿದಳು.

“ತಿನ್ನು ಬೇಕಾದ್ರೆ,” ಅಂದಳು ಕಾಂಚನಮ್ಮ.

“ಬಿಟ್ಟೆ ಅಂದಿದ್ದೀನಲ್ಲಕ್ಕ. ನೋಡಾಕೇನ್ ತಪ್ಪು?” ಎಂದು ಲಲಿತಮ್ಮ, ಬುಟ್ಟಿ ಮರೆಯಾಗುವ ತನಕ ನೋಡಿದಳು.

ಬುರಿರಾಮ್ ಸ್ಟೇಷನ್ನಿನಲ್ಲಿ ಪ್ರಾಣೀ ನಿಂತಿದ್ದಳು. ಉಳುಕಿದ್ದ ಕಾಲನ್ನು ಮೊದಲು ಎತ್ತಿ ಆಡಿಸಿ ತೋರಿಸಿದಳು, ಆಮೇಲೆ ತಬ್ಬಿಕೊಂಡಳು. ಊರಿನ ದಾರಿಯಲ್ಲಿ ಎರಡೂ ಕಡೆ ಕೊಯ್ದ ಗದ್ದೆ, ಅಲ್ಲೊಂದು ಇಲ್ಲೊಂದು ಎಮ್ಮೆ. “ಅಕ್ಕ, ನಮ್ಮ ಕಡೆ ಇದ್ದಂಗೇ ಐತೆ, ತೆಂಗೊಂದು ಕಮ್ಮಿ,” ಎಂದು ಲಲಿತಮ್ಮ ತೀರ್ಪು ಕೊಟ್ಟಳು. ಮಧ್ಯಾಹ್ನ ಹಿತ್ತಲಿನ ಬೆಂಡೆಕಾಯಿಯ ಪಲ್ಯ, ಅಲಸಂದೆ, ಬಿಸಿ ಅನ್ನ. ಪ್ರಾಣೀಯೇ ಕುಯ್ದು, ಪ್ರಾಣೀಯೇ ಬೇಯಿಸಿ, ಪಕ್ಕದಲ್ಲಿ ಕೂತು ಬಡಿಸಿದಳು. ಕಾಂಚನಮ್ಮ ಎರಡು ಸಲ ಹಾಕಿಸಿಕೊಂಡಳು.

ಸಂಜೆ ಮನೆಗೆ ಫೋನು ಮಾಡಿದರೆ ಸುಮತಿಕುಮಾರ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ತಾನೇ ಮಾಡಿ, “ಬಸ್ಸು ಈಗ ಹೊರಡ್ತು ಕಣೇ. ಎಲ್ರೂ ಉಂಡ್ರು. ಭಯ್ಯಾಜಿ ಸಾರು ಎರಡು ಸಲ ಹಾಕಿಸ್ಕೊಂಡ್ರು,” ಅಂದ. ಗುಡಿ ನೋಡಿದೆಯಾ, ಊರು ಹೇಗಿದೆ, ಒಂದೂ ಕೇಳಲಿಲ್ಲ. ಸಾರಿನ ವಿಷಯವನ್ನೇ ಮೂರು ಸಲ ಹೇಳಿ ಫೋನಿಟ್ಟ. ಕಾಂಚನಮ್ಮ ಮೊಬೈಲು ಹಿಡಿದು ನಗುತ್ತಲೇ ಕೂತಳು.

ಮಾರನೆಯ ಬೆಳಿಗ್ಗೆ ಅಭ್ಯಾಸದಂತೆ ಬೇಗ ಎಚ್ಚರವಾಯಿತು. ಮುಖ ತೊಳೆದು ಅಡುಗೆಮನೆಗೆ ಹೋದರೆ ಪ್ರಾಣೀ ಆಗಲೇ ಎದ್ದು ಅನ್ನ ಮಾಡಿದ್ದಳು. ಏನಾದರೂ ಮಾಡೋಣವೆಂದು ಇವಳು ಸೌಟಿಗೆ ಕೈ ಹಾಕಿದಳು. ಪ್ರಾಣೀ ಅದನ್ನು ಕಿತ್ತುಕೊಂಡು ಸ್ಟೂಲು ತೋರಿಸಿದಳು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಕಾಂಚನಮ್ಮ ತೊಡೆಯ ಮೇಲಿಟ್ಟುಕೊಂಡಳು. ಕಿಟಕಿಯಾಚೆ ಮಂಜು, ಎಲ್ಲೋ ಕೋಳಿ ಕೂಗು.

ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ನಾಯಿಗಳು ಬೊಗಳಿದವು. ಪ್ರಾಣೀ ಅನ್ನದ ಬೋಗುಣಿ ಎತ್ತಿಕೊಂಡು, ಬಾ ಎಂದು ಸನ್ನೆ ಮಾಡಿದಳು. ಗೇಟಿನ ಹತ್ತಿರ ಹೋದರೆ ಅರಿಶಿನ ಬಣ್ಣದ ವಸ್ತ್ರ ಹೊದ್ದ ಸನ್ಯಾಸಿಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಿದ್ದರು. ಕೈಯಲ್ಲಿ ಭಿಕ್ಷಾಪಾತ್ರೆ, ಮಾತಿಲ್ಲ, ಕಣ್ಣು ನೆಲದ ಮೇಲೆ. ಕಾಂಚನಮ್ಮನಿಗೆ ತನ್ನೂರಿಗೆ ಜೈನ ಮುನಿಗಳು ವಿಹಾರ ಬಂದಾಗ ಆಹಾರ ಕೊಡಲು ಬೆಳಗಿನಿಂದ ಬಾಗಿಲಲ್ಲಿ ನಿಂತು ಕಾದದ್ದು ನೆನಪಾಯಿತು. ಇವರು ಬೇರೆ, ಪದ್ಧತಿ ಬೇರೆ. ಕೊಡಬಹುದೋ ಬಾರದೋ ಎಂದು ಒಂದು ಗಳಿಗೆ ಹಿಂದುಮುಂದು ನೋಡಿದಳು. ಪ್ರಾಣೀ ಒತ್ತಾಯ ಮಾಡಲಿಲ್ಲ. ಬೋಗುಣಿಯನ್ನು ಇಬ್ಬರಿಗೂ ಎಟುಕುವ ಹಾಗೆ ಹಿಡಿದಳು.

ಕಾಂಚನಮ್ಮ ಚಪ್ಪಲಿ ಬಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಬ್ಬೊಬ್ಬರ ಪಾತ್ರೆಗೂ ಒಂದೊಂದು ಸೌಟು ಬಿಸಿ ಅನ್ನ ಹಾಕಿದಳು. ಕೊನೆಯಲ್ಲಿದ್ದ ವಯಸ್ಸಾದವರು ಸೀರೆಯ ಕಡೆ ಒಮ್ಮೆ ನೋಡಿ ಪ್ರಾಣೀಯನ್ನು ಏನೋ ಕೇಳಿದರು. ಪ್ರಾಣೀ ಹೆಮ್ಮೆಯಿಂದ ಉತ್ತರಿಸಿದಳು. ಆ ಉತ್ತರದಲ್ಲಿ ‘ಕಾಂಚನ’ ಎಂಬುದೊಂದು ಇವಳಿಗೆ ತಿಳಿಯಿತು. ಅವರು ನಿಂತು ಹರಸುವ ಮಂತ್ರ ಹೇಳಿದರು.

ಲಲಿತಮ್ಮ ಆಗಷ್ಟೇ ಎದ್ದು, ಕೂದಲು ಗಂಟು ಹಾಕಿಕೊಳ್ಳುತ್ತ ಹೊರಗೆ ಬಂದಳು. ಸಾಲು ಮುಂದಿನ ಮನೆಗೆ ಹೋಗುತ್ತಿರುವುದನ್ನು ಕಂಡು ಕೊಬ್ಬರಿ ಮಿಠಾಯಿಯ ಡಬ್ಬಿ ತರಲು ಒಳಗೆ ಓಡಿದಳು.

“ಸ್ವಾಮ್ಗಳೇ, ಒಂದ್ ನಿಮಿಷ ನಿಂತ್ಕಳಿ!” ಎಂದು ಅವಳು ಕನ್ನಡದಲ್ಲೇ ಕೂಗಿಕೊಂಡು ಬರಿಗಾಲಲ್ಲಿ ಬೀದಿಗಿಳಿದಳು. ಅವರು ನಿಂತರು.